ಮಾವನ ಗದ್ದದ ಗೆರೆ

ಬಲಗೈಯಲ್ಲಿ ಚೌಕನೆಯ ಹವಳದ ಉಂಗುರ. ಮಲಗುವ ಮುಂಚೆ ಅದನ್ನು ಕಳಚಿ, ಧೋತರದ ತುದಿಯಿಂದ ಒರೆಸಿ, ಗೋಡೆಯ ಗೂಡಿನಲ್ಲಿಡುವುದು ನಮ್ಮ ಮಾವನ ರೂಢಿ. ಬಂಧುಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ.

ಮಾವನೆಂದರೆ ನನ್ನ ಅಕ್ಕನ ಗಂಡ. ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಊರೆಲ್ಲ ಅವನಿಗೆ ಬಹುವಚನ ಕೊಡುತ್ತಿತ್ತು, ನಾನಿಲ್ಲಿ ಕೊಡುವುದಿಲ್ಲ. ಅವನು ತೀರಿಕೊಂಡಾಗ ಬಂದವರೆಲ್ಲ ಒಳ್ಳೆಯ ಮಾತಾಡಿ ಹೋದರು. ಆ ಸರಕು ನನ್ನ ಅಂಗಡಿಯಲ್ಲಿಲ್ಲ.

ಮಾತು ಮಾತ್ರ ಬೆಣ್ಣೆ. ಉದ್ರಿ ಕೇಳಲು ಬಂದವನಿಗೂ "ಕೂಡ್ರಿ, ಚಾ ಕುಡೀರಿ" ಅನ್ನುತ್ತಿದ್ದ. ಗಂಡ-ಹೆಂಡಿರ ಜಗಳ ಬಿಡಿಸಲು ಜನ ಅವನನ್ನು ಕರೆಯುತ್ತಿದ್ದರು. ಅಲ್ಲಿಗೆ ಹೋಗಿ "ಹೆಣ್ಮಕ್ಕಳ ಮ್ಯಾಲ ಕೈ ಎತ್ತಬಾರದ್ರಿ" ಎಂದು ಬುದ್ಧಿ ಹೇಳಿ ಬರುತ್ತಿದ್ದ. ಮನೆಯಲ್ಲಿ ಅಕ್ಕನ ಮೈ ಮೇಲೆ ಹಸಿರುಗಟ್ಟಿದ ಗಾಯ.

ಅದಕ್ಕೂ ಒಂದು ಕಾರಣ ತಯಾರಿತ್ತು. ನಿದ್ದೆಯಲ್ಲಿ ಕೈಕಾಲು ಬೀಸುವ ರೋಗವೊಂದಿದೆಯಂತೆ, ಕನಸಿನಲ್ಲಿ ಯಾರ ಜೊತೆಗೋ ಹೊಡೆದಾಡುತ್ತಾನಂತೆ, ಏಟು ಪಕ್ಕದಲ್ಲಿ ಮಲಗಿದವಳಿಗೆ ಬೀಳುತ್ತದಂತೆ. ಮೊಬೈಲಿನಲ್ಲಿ ವಿಡಿಯೋ ಬೇರೆ ತೋರಿಸಿದ. "ಮುಂಜಾನಿ ನನಗ ಏನೂ ನೆನಪಿರಂಗಿಲ್ರಿ" ಎಂದು ಕಣ್ಣು ಒರೆಸಿಕೊಂಡ. ಹಿರಿಯರು ಕೂತು ತೀರ್ಮಾನ ಮಾಡಿದರು: ರೋಗದ ಗಂಡನನ್ನು ಬಿಟ್ಟು ಬರುವುದು ಹೆಣ್ಣಿಗೆ ಧರ್ಮವಲ್ಲ, ಅಕ್ಕ ಅದೇ ಕೋಣೆಯಲ್ಲಿ ಇರಬೇಕು.

ನಾನು ಗಂಟು ಹೊತ್ತು ಮನೆಮನೆಗೆ ಮಾರುವುದರಿಂದ ಶುರುಮಾಡಿ ಶಹಾಪುರದಲ್ಲಿ ಸೀರೆ ಅಂಗಡಿ ಇಟ್ಟವಳು. ಮಡಿಕೆ ಬಿಚ್ಚಿ, ಸೆರಗಿನ ತುದಿತನಕ ನೋಡದೆ ಒಂದು ಸೀರೆಯನ್ನೂ ಕೊಂಡಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ: ಮಾರುವವನು ಎಷ್ಟು ಚೆಂದ ಮಾತಾಡುತ್ತಾನೋ ಅಷ್ಟು ನಿಧಾನವಾಗಿ ಮಡಿಕೆ ಬಿಚ್ಚಿ.

ಒಂದು ಸಲ ಅಕ್ಕ ಬಂದಾಗ ಅವಳ ಕೆನ್ನೆ ನೋಡಿದೆ. ಕಣ್ಣಿನ ಕೆಳಗೆ ಚೌಕನೆಯ ಗುರುತು, ಮೂಲೆಗಳು ಎಣಿಸುವಷ್ಟು ಸ್ಪಷ್ಟ.

"ಉಂಗುರ ತಗದು ಮಲಗ್ತಾನಲ್ಲ ನಿನ್ನ ಗಂಡ?"

"ಆವತ್ತು ಮರ್ತಿರಬೇಕು, ತಂಗಿ."

"ಮರ್ತದ್ದು ಆವತ್ತs ಯಾಕ?"

ಅಕ್ಕ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಳು. "ಕತ್ತಲಾಗ ಏಟು ಬಿದ್ದ ಮ್ಯಾಲ ನನಗ ಎಚ್ಚರ ಆಗ್ತದ. ದೀಪ ಹಚ್ಚಿ ನೋಡಿದ್ರ ಗೊರಕಿ ಹೊಡ್ಯಾಕತ್ತಿರ್ತಾರ. ಏನಂತ ಹೇಳಲಿ?"

ಕೆದಕಿ ಕೇಳಿದೆ. ನಾಲ್ಕು ಜನರೆದುರು ಅವಳು ಎದುರಾಡಿದ ದಿನವೇ ರೋಗ ಬರುತ್ತಿತ್ತು. ಆದರೆ ಕೆನ್ನೆಯ ಗುರುತು ಮಾಸಿಹೋಗುವ ಸಾಕ್ಷಿ. ಹಿರಿಯರು ಅದನ್ನು ನಂಬುತ್ತಿರಲಿಲ್ಲ. ಆ ಮಧ್ಯಾಹ್ನ ಅವಳು ನಮ್ಮ ಮನೆಯಲ್ಲಿ ಮಲಗಿದಾಗ ನೋಡಿದೆ: ಹಲ್ಲು ಕಚ್ಚಿ, ಗದ್ದ ಬಿಗಿ ಹಿಡಿದೇ ನಿದ್ದೆ ಮಾಡುತ್ತಿದ್ದಳು.

ಹಿರಿಯರ ಮುಂದೆಯೇ ಮಾವನಿಗೆ ಕೈ ಮುಗಿದೆ. "ಪಾಪ, ಎಷ್ಟು ತ್ರಾಸ ಪಡ್ತೀರಿ ಮಾವ. ಇದಕ್ಕ ತಪಾಸಣಿ ಅದಂತ. ಖರ್ಚು ನಂದು." ಬೇಡವೆನ್ನಲು ದಾರಿ ಇರಲಿಲ್ಲ. ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನಮ್ಮ ತಂಗೆವ್ವ ಭಾಳ ಶಾಣ್ಯಾಕಿ" ಅಂದ, ನಗುತ್ತ.

ಯಾದಗಿರಿಯ ನರರೋಗದ ಡಾಕ್ಟರು ಕಲಬುರಗಿಗೆ ಬರೆದುಕೊಟ್ಟರು. ಅಕ್ಕ, ನಾನು ಹೊರಟೆವು, ಮಾವನ ಅಣ್ಣನೂ ಹಿರಿಯನಾಗಿ ಜೊತೆಗೆ ಬಂದ. ಅಲ್ಲಿ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಮಲಗಿಸಿ ನಿದ್ದೆಯನ್ನು ಯಂತ್ರದಲ್ಲಿ ಬರೆದುಕೊಳ್ಳುತ್ತಾರೆ. ಒಬ್ಬ ಹುಡುಗಿ ಮಾವನ ತಲೆ, ಕಾಲು, ತೋಳು, ಗದ್ದಕ್ಕೆಲ್ಲ ತಂತಿ ಅಂಟಿಸಿದಳು.

"ಗದ್ದಕ್ಕ ಯಾಕವ್ವ? ನಾ ಒದೆಯೋದು ಕಾಲಿಂದ" ಎಂದು ಮಾವ ಚಾಷ್ಟಿ ಮಾಡಿದ.

"ಕನಸು ಬೀಳುವಾಗ ಮೈಯಾಗಿನ ಸ್ನಾಯು ಸಡಿಲ ಬೀಳ್ತಾವ್ರಿ. ಈ ರೋಗ ಇದ್ದವರಿಗೆ ಬೀಳಂಗಿಲ್ಲ. ಗದ್ದದಾಗ ಅದು ಚಲೋ ಗೊತ್ತಾಗ್ತದ."

ಮಾವ ತಲೆಯಾಡಿಸಿದ. ಒದ್ದು ತೋರಿಸಿದರೆ ಸಾಕು ಅಂದುಕೊಂಡಿದ್ದನೆಂದು ಕಾಣುತ್ತದೆ.

ಮರುದಿನ ಡಾಕ್ಟರು, "ನಿಮ್ಮೊಬ್ಬರ ಜೊತಿ ಮಾತಾಡ್ಲೇನ್ರಿ?" ಎಂದರು. ಸುಮ್ಮನೆ ಹೂಂ ಅಂದಿದ್ದರೆ ಬಚಾವಾಗುತ್ತಿದ್ದ. ಆದರೆ ಮಾವನಿಗೆ ಸಭೆ ಬೇಕು. "ಎಲ್ಲರ ಮುಂದನs ಹೇಳ್ರಿ. ನಮ್ಮ ಮನಿಯವರಿಗೂ ತಿಳೀಲಿ ನನ್ನ ಕಷ್ಟ."

ಡಾಕ್ಟರು ಪರದೆ ತಿರುಗಿಸಿದರು. ಸಾಲು ಸಾಲು ಗೆರೆಗಳು. "ಇಲ್ಲಿ ಕೈ ಬೀಸೀರಿ. ಇಲ್ಲಿ ಗ್ವಾಡಿಗಿ ಒದ್ದೀರಿ. ಎರಡೂ ಸಲ ಮಿದುಳಿನ ಗೆರಿ ಎಚ್ಚರ ಇದ್ದವರದು." ಬೆರಳು ಮುಂದೆ ಸರಿಯಿತು. "ಇಲ್ಲಿ ನೋಡ್ರಿ, ಖರೇನ ಕನಸು ಬಿದ್ದ ಹೊತ್ತು. ಗದ್ದದ ಗೆರಿ ಸಪಾಟ. ಎಲ್ಲಾ ಕನಸಿನಾಗೂ ಹಿಂಗs ಅದ."

"ಅಂದ್ರ?" ಮಾವನ ಅಣ್ಣ ಕೇಳಿದ.

"ಆ ರೋಗ ಇದ್ದವರು ಒದೀಲಾರದ ರಾತ್ರಿನೂ ಗದ್ದದಾಗ ಗುರುತು ಬಿಟ್ಟಿರ್ತಾರ. ಇವರದ್ರಾಗ ಇಲ್ಲ."

"ಮಷಿನ್ ಕೆಟ್ಟಿರಬೇಕು" ಎಂದ ಮಾವ.

ಆಗ ಅಕ್ಕ ಬಾಯಿ ಬಿಟ್ಟಳು. ಕೂಗಲಿಲ್ಲ. ಅಂಗಡಿಯಲ್ಲಿ ದರ ಕೇಳಿದಷ್ಟೇ ಸಾಧಾರಣವಾಗಿ ಕೇಳಿದಳು: "ಹಂಗಾದ್ರ ಇಷ್ಟು ವರ್ಷ ನನಗ ಹೊಡೆದವರು ಯಾರ್ರಿ?"

ಮಾವ ಉಂಗುರ ತಿರುವುತ್ತ ಕೂತ. ಅವನ ಅಣ್ಣ ಎದ್ದು ಅಕ್ಕನ ಚೀಲ ಎತ್ತಿ ನನ್ನ ಕೈಗೆ ಕೊಟ್ಟ. "ಕರ್ಕೊಂಡು ಹೋಗವ್ವ" ಅಂದ, ನೆಲ ನೋಡುತ್ತ. ಅಕ್ಕ ಸುರಪುರದ ಬಸ್ಸು ಹತ್ತಲಿಲ್ಲ.

ಒಂದು ಮಾತು ಸೇರಿಸಬೇಕು. ಆ ರೋಗ ಸುಳ್ಳಲ್ಲ. ನಿಜವಾಗಿ ನಿದ್ದೆಯಲ್ಲಿ ಹೊಡೆದು, ಎದ್ದ ಮೇಲೆ ಹೆಂಡತಿಯ ಮೈ ನೋಡಿ ಅಳುವವರೂ ಇದ್ದಾರೆಂದು ಆ ಡಾಕ್ಟರೇ ಹೇಳಿದರು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಬೈಯಬೇಡಿ, ಬೇರೆ ಹಾಸಿಗೆ ಹಾಕಿ, ತೋರಿಸಿ. ಪಾಪದವರ ರೋಗವನ್ನೂ ಕದ್ದು ಹೊದ್ದುಕೊಂಡನಲ್ಲ, ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು.

ಮಾವ ಎದೆನೋವಿನಿಂದ ಸತ್ತ. ಮಣ್ಣಿಗೆ ನಾನು ಹೋಗಲಿಲ್ಲ. ಅಕ್ಕ ಹೋಗಿ, ಬಂದು, ಸ್ನಾನ ಮಾಡಿ ಊಟಕ್ಕೆ ಕೂತಳು.

ಈಗ ಅವಳು ನನ್ನ ಅಂಗಡಿಯಲ್ಲೇ ಇರುತ್ತಾಳೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಸೀರೆಯ ಗಂಟಿಗೆ ಒರಗಿ ನಿದ್ದೆ ಹೋಗುತ್ತಾಳೆ. ಬಾಯಿ ತುಸು ತೆರೆದಿರುತ್ತದೆ, ಗದ್ದ ಎದೆಗೆ ಇಳಿಬಿದ್ದಿರುತ್ತದೆ. ಆಗ ಯಾರಾದರೂ ಬಂದರೆ ನಾನು ಚೌಕಾಶಿಯನ್ನೂ ಮೆಲುದನಿಯಲ್ಲೇ ಮಾಡುತ್ತೇನೆ.