ದೇಶ ಹೊರಬೀಳುವ ತನಕ ಕಾದ ಮದುಮಗ

ಆಕ್ಸ್‌ಥಾರ್ಪ್‌ನ ಹ್ಯೂಬರ್ಟ್ ಪಾಸ್ಕ್ ಕೊಳಾಯಿ ರಿಪೇರಿಯವನು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಮಹಾನುಭಾವನಿಗೆ ಅನ್ಯಾಯವಾಗುತ್ತದೆ. ಚಳಿಗಾಲದ ನಡುವೆ ಬಾಯ್ಲರ್ ಕೆಟ್ಟು ಇಡೀ ಮನೆ ಕಂಬಳಿ ಹೊದ್ದು ಕುಳಿತಿರುವಾಗ ಅವನ ಬಿಳಿ ವ್ಯಾನು ಗೇಟಿನ ಮುಂದೆ ನಿಲ್ಲುವುದನ್ನು ನೋಡಬೇಕು. ರಣರಂಗಕ್ಕೆ ರಥ ಬಂದ ಹಾಗೆ. ಇಳಿಯುವವನು ಆರಡಿ ಎತ್ತರ, ಪೀಪಾಯಿಯಂಥ ಎದೆ, ಭುಜದ ಮೇಲೆ ಗದೆಯಂತೆ ಸ್ಪ್ಯಾನರು.

ಆದರೂ ಅವನ ನಿಜವಾದ ಸಿಂಹಾಸನ ಇದ್ದದ್ದು ಚರ್ಚಿನ ಗೋಪುರದಲ್ಲಿ. ನಮ್ಮ ಗೋಪುರದಲ್ಲಿ ಆರು ಗಂಟೆಗಳು, ಆರು ಹಗ್ಗಗಳು, ಎಳೆಯಲು ನಾನೂ ಸೇರಿ ಆರು ಜನ. ಅತಿ ದೊಡ್ಡ ಗಂಟೆ ಹ್ಯೂಬರ್ಟನದು. ಅವನ ಅಪ್ಪನೂ ಅದನ್ನೇ ಎಳೆದವನು. ಅತಿ ಚಿಕ್ಕ ಗಂಟೆ ಗ್ಲೆನಿಸ್ ಪ್ಯಾರಿಯದು. ಆಕೆ ವೇಲ್ಸ್ ಕಡೆಯಿಂದ ಬಂದ ವಿಧವೆ, ಶಾಲೆಯ ಅಡುಗೆಮನೆಯನ್ನು ಸೇನಾ ಶಿಬಿರದಂತೆ ಆಳಿದವಳು. ಹ್ಯೂಬರ್ಟನ ಮೊಣಕೈಗಿಂತ ಸ್ವಲ್ಪ ಎತ್ತರ ಇರಬಹುದು. ನಮ್ಮ ಆರು ಜನರಿಗೆ ನಾಯಕಿ ಅವಳೇ. ಯಾವ ಗಂಟೆಯ ಹಿಂದೆ ಯಾವುದು ಬಾರಿಸಬೇಕು ಎಂದು ಕೂಗಿ ಹೇಳುವವಳು ಅವಳು. ಕೊನೆಗೆ "ನಿಲ್ಲಿ" ಎನ್ನುವ ಅಧಿಕಾರವೂ ಅವಳೊಬ್ಬಳದೇ. ಆ ಮಾತು ಬರುವ ತನಕ ಯಾರೂ ಹಗ್ಗ ಬಿಡುವಂತಿಲ್ಲ. ನಡುವೆ ತನ್ನಷ್ಟಕ್ಕೆ ತಾನು ಗಂಟೆ ನಿಲ್ಲಿಸಿದವನಿಗೆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಅವನ ಮೊಮ್ಮಕ್ಕಳ ಕಾಲದವರೆಗೂ ಸುತ್ತಲಿನ ಹಳ್ಳಿಗಳಲ್ಲಿ ಅವನ ಹೆಸರು ಹೇಳಿ ನಗುತ್ತಾರೆ, ಅಷ್ಟೇ.

ಐವತ್ತೊಂಬತ್ತರವರೆಗೆ ಬ್ರಹ್ಮಚಾರಿಯಾಗಿದ್ದ ಹ್ಯೂಬರ್ಟ್, ಒಂದು ಬೇಸಿಗೆಯಲ್ಲಿ ಗ್ಲೆನಿಸ್‌ಳ ಸಿಂಕು ರಿಪೇರಿ ಮಾಡಲು ಹೋದವನು, ಸಿಂಕಿನ ಕೆಳಗೆ ಮಲಗಿಕೊಂಡೇ, ಮುಖ ತೋರಿಸದೆ, ನನ್ನ ಮದುವೆಯಾಗ್ತೀಯಾ ಎಂದು ಕೇಳಿದ. ಆಯ್ತು, ಮೊದಲು ನೀರು ಬಿಡು ಎಂದಳು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆವು. ಹೋಗಲಿಲ್ಲ. ಏಕೆಂದರೆ ಹ್ಯೂಬರ್ಟ್ ದೇಶ ಯೂರೋಪಿನ ಒಕ್ಕೂಟದಿಂದ ಹೊರಬರಲಿ ಎಂದು ಓಟು ಹಾಕಿದವನು, ಗ್ಲೆನಿಸ್ ಒಳಗೇ ಇರಲಿ ಎಂದು ಹಾಕಿದವಳು. ಗೋಪುರದಲ್ಲಿ ನಾವೂ ಅಷ್ಟೇ: ಆ ಕಡೆ ಮೂವರು, ಈ ಕಡೆ ಮೂವರು.

'ಮೂರು ಮೀನು' ಪಬ್ಬಿನಲ್ಲಿ ಡೆಸ್ಮಂಡ್ ಫಿಂಚ್ ಕೆಣಕಿದ. ಕುರಿ ಉಣ್ಣೆ ಕತ್ತರಿಸುವವನು, ಎರಡನೇ ಗಂಟೆಯವನು, ಹೊರಹೋಗುವ ಪಕ್ಷದ ಉಗ್ರ ಯೋಧ.

"ಏನಯ್ಯಾ ಹ್ಯೂಬರ್ಟ್, ಆಯಮ್ಮನ್ನ ಕಟ್ಟಿಕೊಂಡ ಮೇಲೆ ನಿನ್ನ ವ್ಯಾನಿಗೆ ಯೂರೋಪಿನ ಹನ್ನೆರಡು ನಕ್ಷತ್ರದ ನೀಲಿ ಬಾವುಟ ಅಂಟಿಸ್ತಾಳಂತೆ, ಹೌದಾ?"

ಹ್ಯೂಬರ್ಟ್ ಗ್ಲಾಸನ್ನು ಮೇಜಿಗೆ ಕುಕ್ಕಿದ. ಬಿಯರು ನಮ್ಮೆಲ್ಲರ ಮೇಲೂ ಸಮಪ್ರಮಾಣದಲ್ಲಿ ಸಿಡಿಯಿತು.

"ಕೇಳ್ರೋ! ಮಾರ್ಚ್ ಇಪ್ಪತ್ತೊಂಬತ್ತು ಶುಕ್ರವಾರ ಈ ದೇಶ ಹೊರಗೆ ಬೀಳುತ್ತೆ. ಮಾರನೇ ದಿನ, ಸ್ವತಂತ್ರ ನಾಡಿನ ಮೊದಲನೇ ಶನಿವಾರ, ನನ್ನ ಮದುವೆ. ದೇಶ ಹೊರಗೆ ಬೀಳೋಕೆ ಒಂದು ದಿನ ಮುಂಚೆ ಕೂಡ ನಾನು ಮದುವೆ ಆಗಲ್ಲ!"

ಭೀಷ್ಮನ ಪ್ರತಿಜ್ಞೆಗೆ ಹೂಮಳೆಯಾಯಿತಂತೆ. ಇಲ್ಲಿ ಹುರಿದ ಆಲೂಗಡ್ಡೆ ಚೂರುಗಳು ಹಾರಿದವು. ಗ್ಲೆನಿಸ್ ಸುದ್ದಿ ಕೇಳಿ ನಕ್ಕಳು. ಹಾಲ್ ಗೊತ್ತುಮಾಡಿದಳು, ಒಣಹಣ್ಣಿನ ಕೇಕು ಮಾಡಿಟ್ಟಳು. ಪಾದ್ರಿ ಅಮ್ಮ ರೊವೀನಾ ಪದ್ಧತಿಯಂತೆ ಭಾನುವಾರಗಳಂದು ಚರ್ಚಿನಲ್ಲಿ ಇಬ್ಬರ ಹೆಸರು ಕೂಗಿ, ತಕರಾರಿದ್ದವರು ಹೇಳಿ ಎಂದು ಕೇಳಿದ್ದೂ ಆಯಿತು. ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ಪಾರ್ಲಿಮೆಂಟಿನಿಂದ. ಹೊರಹೋಗಲು ಪ್ರಧಾನಿ ತಂದ ಒಪ್ಪಂದವನ್ನು ಸದಸ್ಯರು ಸೋಲಿಸಿದರು. ಮತ್ತೆ ತಂದರು, ಮತ್ತೆ ಸೋಲಿಸಿದರು. ಒಪ್ಪಂದವಿಲ್ಲದೆ ಹೋಗೋಣವೇ? ಬೇಡ. ಹಾಗಾದರೆ ಇರೋಣವೇ? ಅದೂ ಬೇಡ. ಮತ್ತೇನು ಬೇಕು ಎಂದು ಒಂದೊಂದಾಗಿ ಕೇಳಿದರೆ ಎಲ್ಲದಕ್ಕೂ ಬೇಡ. ಹೊರಬೀಳುವ ತಾರೀಖು ಏಪ್ರಿಲ್ ಹನ್ನೆರಡಕ್ಕೆ ಹೋಯಿತು, ಅದರ ಹಿಂದೆಯೇ ಮದುವೆಯೂ ಹೋಯಿತು. ಹ್ಯೂಬರ್ಟ್ ವ್ಯಾನಿನಲ್ಲಿ ರೇಡಿಯೊ ಆರಿಸುವುದನ್ನೇ ಬಿಟ್ಟ. ಜನರ ಬಾತ್‌ರೂಮಿನಲ್ಲಿ ಪೈಪು ಬಿಚ್ಚಿಟ್ಟು, "ಓಟು ಏನಾಯ್ತು?" ಎಂದು ಹೊರಗೆ ಓಡುತ್ತಿದ್ದ. ಮಿಸೆಸ್ ಗಾಂಟ್ ಮನೆಯ ಮಹಡಿಯಿಂದ ನೀರು ಮೆಟ್ಟಿಲಿಳಿದು ಬಂದದ್ದು ಅಂಥ ಒಂದು ಓಟಿನ ಹೊತ್ತಿನಲ್ಲೇ. ಗ್ಲೆನಿಸ್ ಕೇಕು ಕೆಡದಿರಲೆಂದು ವಾರವಾರ ಅದಕ್ಕೆ ಬ್ರಾಂದಿ ಕುಡಿಸುತ್ತಿದ್ದಳು. ಆ ಕೇಕಿನ ಹತ್ತಿರ ಬೆಂಕಿಕಡ್ಡಿ ಗೀರಲು ಯಾರಿಗೂ ಧೈರ್ಯವಿರಲಿಲ್ಲ.

ಗಂಟೆ ಬಾರಿಸುವ ಅಭ್ಯಾಸದ ಗುರುವಾರ ಬಂತು, ಏಪ್ರಿಲ್ ಹನ್ನೊಂದು. ಬೆಳಿಗ್ಗೆಯೇ ಸುದ್ದಿ ಬಂದಿತ್ತು: ತಾರೀಖು ಅಕ್ಟೋಬರ್ ಮೂವತ್ತೊಂದಕ್ಕೆ ಹೋಗಿದೆ. ಸಂಜೆ ಗೋಪುರದಲ್ಲಿ ಕೋಟು ಕಳಚುತ್ತಿದ್ದಾಗ ಪಾದ್ರಿ ಅಮ್ಮ ಮೆಟ್ಟಿಲು ಹತ್ತಿ ಬಂದು ಉಸಿರು ತೆಗೆದುಕೊಂಡರು.

"ಹ್ಯೂಬರ್ಟ್, ನಾನು ಚರ್ಚಿನಲ್ಲಿ ಕೂಗಿದ್ದಕ್ಕೆ ಮೂರು ತಿಂಗಳು ಮಾತ್ರ ಬೆಲೆ. ಮೇ ತಿಂಗಳಲ್ಲಿ ಅದು ಮುಗಿಯುತ್ತೆ. ಏನು ಮಾಡ್ತೀಯಪ್ಪಾ?"

"ಅಕ್ಟೋಬರ್‌ಗೆ ಇನ್ನೊಂದು ಸಲ ಕೂಗಿ, ಅಮ್ಮ."

ಗ್ಲೆನಿಸ್ ತನ್ನ ಹಗ್ಗ ಸರಿಮಾಡುತ್ತ ತಣ್ಣಗೆ ಹೇಳಿದಳು: "ನಮ್ಮೂರ ಕಡೆ, ಆಂಗಲ್ಸಿಯಲ್ಲಿ, ನಮ್ಮಕ್ಕನ ಟೀ ಅಂಗಡಿಗೆ ಜೊತೆ ಬೇಕಂತೆ. ನಾಳೆ ಫೋನ್ ಮಾಡಿ ಹೇಳ್ತೀನಿ, ಬರ್ತೀನೋ ಇಲ್ವೋ ಅಂತ. ಹೋದರೆ ಹೋದ ಹಾಗೇ."

ಹ್ಯೂಬರ್ಟನಿಗೆ ಹೆಂಡತಿ ಹೋಗುತ್ತಾಳೆ, ನಮಗೆ ನಾಯಕಿ ಹೋಗುತ್ತಾಳೆ. ಹ್ಯೂಬರ್ಟ್ ಮಾತ್ರ ಗೋಡೆ ನೋಡುತ್ತ, "ಆಡಿದ ಮಾತು ಆಡಿದ್ದೇ," ಎಂದ.

"ಸರಿ. ಹಿಡೀರಿ ಹಗ್ಗ," ಎಂದಳು ಗ್ಲೆನಿಸ್.

ಶುರುವಾಯಿತು. ಗಂಟೆಗಳು ಚೆನ್ನಾಗಿಯೇ ಸುತ್ತಿದವು. ಯಾವಾಗಲೂ ನಿಲ್ಲಿಸುವ ಜಾಗ ಬಂತು. ಗ್ಲೆನಿಸ್ "ನಿಲ್ಲಿ" ಎನ್ನಲಿಲ್ಲ. ನಾವು ಮುಂದುವರಿಸಿದೆವು. ಅದೇ ಜಾಗ ಮತ್ತೆ ಬಂತು, ದಾಟಿತು. ಡೆಸ್ಮಂಡ್ ನನ್ನ ಕಡೆ ಹುಬ್ಬು ಹಾರಿಸಿದ. ಆಗ ಆಕೆ ಹಗ್ಗದ ಲಯ ತಪ್ಪಿಸದೆ ಕೇಳಿದಳು:

"ಹ್ಯೂಬರ್ಟ್, ಆ ಷರತ್ತು ವಾಪಸ್ ತಗೋತೀಯಾ?"

"ಮೊದಲು ನಿಲ್ಲಿ ಅನ್ನು. ಆಮೇಲೆ ಮಾತಾಡೋಣ."

"ಮೊದಲು ವಾಪಸ್ ತಗೋ. ಆಮೇಲೆ ನಿಲ್ಲಿ ಅಂತೀನಿ."

ನಮಗೆ ಅರ್ಥವಾಯಿತು. ಲಂಡನ್ನಿನ ರೋಗ ಗೋಪುರ ಹತ್ತಿ ಬಂದಿತ್ತು.

ಚಿಕ್ಕ ಗಂಟೆಯವಳಿಗೇನು, ಹೂವು ಕಿತ್ತ ಹಾಗೆ ಎಳೆಯುತ್ತಿದ್ದಳು. ಹ್ಯೂಬರ್ಟ್ ಮಾತ್ರ ಒಂದೊಂದು ಸಲಕ್ಕೂ ಒಂದು ಹಸುವನ್ನು ಬಾವಿಯಿಂದ ಮೇಲೆತ್ತಿದಂತೆ ಎಳೆಯಬೇಕು. ಮೊದಲು ಹಣೆ ಹೊಳೆಯಿತು, ಆಮೇಲೆ ಅಂಗಿ ಬೆನ್ನಿಗೆ ಅಂಟಿತು, ಆಮೇಲೆ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಒರೆಸಲು ಕೈಯಿಲ್ಲ. ಹೊರಗೆ ಊರಿನ ನಾಯಿಗಳೆಲ್ಲ ಸೇರಿ ಊಳಿಡತೊಡಗಿದವು.

"ನಾನೊಂದು ಸಲಹೆ ಕೊಡ್ತೀನಿ," ಎಂದು ಡೆಸ್ಮಂಡ್ ಏದುಸಿರಿನಲ್ಲಿ ಕೂಗಿದ. "ಹ್ಯೂಬರ್ಟ್ ಸುಮ್ಮನೆ ಹಗ್ಗ ಬಿಟ್ಟು ಹೊರಗೆ ಬರಲಿ! ಒಪ್ಪಂದ ಗಿಪ್ಪಂದ ಬೇಡ! ಯಾರು ಒಪ್ತೀರಿ?"

ಮೂವರು ಹೂಂ ಎಂದರು, ಮೂವರು ಊಹೂಂ. ಹ್ಯೂಬರ್ಟನೇ ಊಹೂಂ ಎಂದವರಲ್ಲಿ ಒಬ್ಬ!

"ಅಲ್ಲೋ, ವರ್ಷವಿಡೀ ನೀನೇ ತಾನೆ ಒಪ್ಪಂದವಿಲ್ಲದೆ ಹಾಗೇ ಹೋಗಬೇಕು ಅಂತ ಅರಚಿದವನು?" ಎಂದ ಡೆಸ್ಮಂಡ್.

"ಅದು ದೇಶ ಕಣೋ, ಇದು ಗಂಟೆ!"

"ಗ್ಲೆನಿಸ್ ಅಕ್ಕ, ನೀವಾದ್ರೂ ಬಿಟ್ಟುಕೊಡಿ," ಎಂದು ನಾನು ಗೋಗರೆದೆ. ಅದಕ್ಕೂ ಮೂರು ಮೂರು. ಇಬ್ಬರೂ ಅರ್ಧರ್ಧ ಬಿಟ್ಟುಕೊಡಲಿ ಎಂಬುದಕ್ಕೆ ನನ್ನದೊಂದೇ ಓಟು. ಪಾದ್ರಿ ಅಮ್ಮ ದೇವರನ್ನು ಕರೆದರು. ದೇವರು ತಟಸ್ಥನಾಗಿದ್ದ.

ದೊಡ್ಡ ಗಂಟೆ ಒಂದು ಕೂದಲೆಳೆ ತಡವಾಗಿ ಬಂತು. ಹ್ಯೂಬರ್ಟ್ ಹಗ್ಗ ಹಿಡಿದಾಗಿನಿಂದ ಎಂದೂ ಹಾಗಾದದ್ದಿಲ್ಲ. ಅದು ಅವನ ಕಿವಿಗೂ ಬಿತ್ತು, ಎಲ್ಲರ ಕಿವಿಗೂ ಬಿತ್ತು. ಗ್ಲೆನಿಸ್‌ಳ ಮುಖ ಮೊದಲ ಸಲ ಬಾಡಿತು.

"ಹ್ಯೂಬರ್ಟ್," ಎಂದಳು, ಈ ಸಲ ನಾಯಕಿಯ ದನಿಯಲ್ಲಲ್ಲ. "ಅವರು ಅಕ್ಟೋಬರ್ ಅಂತಾರೆ. ಆಮೇಲೆ ಇನ್ನೊಂದು ಅಂತಾರೆ. ನನಗೆ ಐವತ್ತೇಳು ಕಣೋ. ನಾನು ಮದುವೆಯಾಗ್ತಿರೋದು ನಿನ್ನನ್ನ. ಪಾರ್ಲಿಮೆಂಟಿನ ಆ ಆರುನೂರು ಚಿಲ್ಲರೆ ಜನರನ್ನಲ್ಲ."

ದೊಡ್ಡ ಗಂಟೆ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು.

"ವಾಪಸ್ ತಗೊಂಡೆ," ಎಂದ ಹ್ಯೂಬರ್ಟ್.

"ಕೇಳಿಸ್ಲಿಲ್ಲ!" ಡೆಸ್ಮಂಡ್ ಕೂಗಿದ.

"ವಾಪಸ್ ತಗೊಂಡೆ ಅಂದೆ, ಕುರಿಮುಖದವನೇ! ದೇಶ ಒಳಗಿರಲಿ, ಹೊರಗಿರಲಿ, ಸಮುದ್ರದಲ್ಲಿ ಮುಳುಗಲಿ, ನಾನು ಇವಳನ್ನ ಮದುವೆಯಾಗ್ತೀನಿ!"

"ನಿಲ್ಲಿ," ಎಂದಳು ಗ್ಲೆನಿಸ್.

ಆರೂ ಗಂಟೆಗಳು ಒಟ್ಟಿಗೆ ನಿಂತವು. ಹ್ಯೂಬರ್ಟ್ ಬೆಂಚಿನ ಮೇಲೆ ಕುಸಿದ. ಗ್ಲೆನಿಸ್ ಬಂದು ಅವನ ಅಂಗೈ ಬಿಡಿಸಿ ಗುಳ್ಳೆಗಳನ್ನು ನೋಡಿ ಊದಿದಳು.

"ಮೇ ನಾಲ್ಕು, ಶನಿವಾರ," ಎಂದಳು.

"ಆಗ ನಾವಿನ್ನೂ ಒಳಗೇ ಇರ್ತೀವಲ್ಲ."

"ಇರ್ತೀವಿ."

"ನಾನು ಓಟು ಬದಲಾಯಿಸಿಲ್ಲ, ತಿಳ್ಕೋ."

"ಬದಲಾಯಿಸು ಅಂತ ಯಾರು ಕೇಳಿದ್ರು? ಕೈ ಹಿಡಿ ಸರಿಯಾಗಿ."

ಮೇ ನಾಲ್ಕರಂದು ಹೊಸ ತೊಂದರೆ ಎದ್ದಿತು. ಆರು ಜನರಲ್ಲಿ ಇಬ್ಬರು ಮದುಮಕ್ಕಳು, ಹಗ್ಗ ಎಳೆಯುವವರು ಯಾರು? ಪಕ್ಕದ ಹಳ್ಳಿಯಿಂದ ಇಬ್ಬರನ್ನು ಬೇಡಿ ತಂದೆವು. ಮದುವೆ ಮುಗಿದು ಜೋಡಿ ಬಾಗಿಲಿಗೆ ಬರುತ್ತಿದ್ದಂತೆ ಮೇಲೆ ಗಂಟೆಗಳು ಶುರುವಾದವು. ಫೋಟೊಗ್ರಾಫರ್, "ಎಲ್ಲರೂ ನಗಿ," ಎಂದ. ಮದುಮಗ ನಗಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ಆಕಾಶ ನೋಡುತ್ತಿದ್ದ.

"ಆ ದೊಡ್ಡದನ್ನ ಏನು ಮಾಡ್ತಿದ್ದಾನೆ ಅವನು?"

"ಸುಮ್ಮನಿರು ಹ್ಯೂಬರ್ಟ್, ಇವತ್ತು ನಮ್ಮ ಮದುವೆ," ಎಂದಳು ಗ್ಲೆನಿಸ್, ಮರುಗಳಿಗೆಯೇ ಕಿವಿ ನಿಮಿರಿಸಿದಳು. "ಅಯ್ಯೋ, ಚಿಕ್ಕದನ್ನಂತೂ ಕೊಲ್ತಿದ್ದಾಳೆ!"

ಈಗಲೂ ಆ ಫೋಟೊ 'ಮೂರು ಮೀನು' ಪಬ್ಬಿನ ಗೋಡೆಯ ಮೇಲಿದೆ. ಒಳಗಿರುವ ಪಕ್ಷದವರೂ ಹೊರಹೋಗುವ ಪಕ್ಷದವರೂ ಹೊಸ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಮಧ್ಯದಲ್ಲಿ ಇಬ್ಬರು ನಿಲ್ಲುವಷ್ಟು ಖಾಲಿ ಜಾಗ. ಅಂಚಿನಲ್ಲಿ, ಗೋಪುರದ ಬಾಗಿಲೊಳಗೆ ಮಾಯವಾಗುತ್ತಿರುವ ಒಂದು ಬಿಳಿ ಮದುವೆ ಗೌನಿನ ತುದಿ.