ಮಾಳಿಗೆಯ ಬಿಸಿಲಿಗೆ ಹಾಕಿದ ಪತ್ತೇದಾರಿ ಕ್ಯಾಸೆಟ್ಟುಗಳು

ಆಗ ನನಗೆ ನಲವತ್ತೊಂದು. ಮೂವತ್ತೆರಡು ವರ್ಷದ ಹಿಂದಿನ ಮಾತು. ಮೊನ್ನೆ ಮಸೂತಿ ಎಂಬ ಊರಿನಲ್ಲಿ ಮಗಳ ಹೊಲಕ್ಕೆ ಹೋಗಿದ್ದೆ. ಜೋಳದ ತೆನೆಯಲ್ಲಿ ಹಾಲು ತುಂಬಿತ್ತು. ಹಕ್ಕಿ ಬೆದರಲಿ ಎಂದು ಹಳೆಯ ಕ್ಯಾಸೆಟ್ಟಿನ ಕರಿ ಪಟ್ಟಿಯನ್ನು ಹೊಲದ ಉದ್ದಕ್ಕೂ ಎಳೆದು ಕಟ್ಟಿದ್ದರು. ಗಾಳಿಗೆ ಬುರ್ರೆಂದು ಸದ್ದು ಮಾಡುತ್ತಿತ್ತು. ಹಿಡಿದು ಮೂಸಿದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ... ಮುದ್ದೇಬಿಹಾಳದ ಮಾಸ್ತರು ನೆನಪಾದರು. ಬರೆಯಲು ನನಗೆ ಬರುವುದು ಅಷ್ಟಕ್ಕಷ್ಟೇ. ಒತ್ತಕ್ಷರ ತಪ್ಪಿದಲ್ಲಿ ಮೊಮ್ಮಗಳು ತಿದ್ದಿದ್ದಾಳೆ, ಮಾತು ನನ್ನದು.

ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಗಂಡ ಸತ್ತ ಅಕ್ಕ ಜೊತೆಗಿದ್ದರು. ಅಕ್ಕ ತಮ್ಮ ಒಬ್ಬರಿಗೊಬ್ಬರು ಮರಾಠಿ ಮಾತಾಡುವರು, ನನ್ನೊಂದಿಗೆ ಕನ್ನಡ. ನಾನು ಆ ಮನೆಯ ಪಾತ್ರೆ ತಿಕ್ಕುವವಳು, ಕಸ ಗುಡಿಸುವವಳು. ನಾನು ತೊಳೆದಿಟ್ಟ ಪಾತ್ರೆಗೆ ಅಕ್ಕ ಮತ್ತೊಮ್ಮೆ ನೀರು ಚಿಮುಕಿಸಿ ಒಳಗೆ ಒಯ್ಯುವರು. ಅದು ಅವರ ಮಡಿ. ನಾನು ಅದನ್ನು ಮರೆತಿಲ್ಲ.

ಮಾಸ್ತರಿಗೆ ಒಂದೇ ಹುಚ್ಚು. ಟೀವಿಯಲ್ಲಿ ಬರುವ ಪತ್ತೇದಾರಿ ಧಾರಾವಾಹಿಗಳನ್ನೆಲ್ಲ ವೀಡಿಯೊ ಕ್ಯಾಸೆಟ್ಟಿಗೆ ಹಿಡಿದಿಡುವುದು. ಸೊಲ್ಲಾಪುರಕ್ಕೆ ಹೋದರೆ ಇಂಗ್ಲಿಷಿನ ಹಳೆಯ ಪತ್ತೇದಾರಿ ಕ್ಯಾಸೆಟ್ಟುಗಳನ್ನೂ ಹುಡುಕಿ ತರುವರು. ಧಾರಾವಾಹಿ ಶುರುವಾದರೆ ಯಂತ್ರದ ಮುಂದೆ ಮಣೆಯ ಮೇಲೆ ಕುಳಿತು ಗುಂಡಿಯ ಮೇಲೆ ಬೆರಳಿಟ್ಟಿರುವರು. ಜಾಹೀರಾತು ಬಂದ ಕೂಡಲೇ ನಿಲ್ಲಿಸುವುದು, ಹೋದ ಕೂಡಲೇ ಬಿಡುವುದು. ಒಂದು ಸಾಬೂನಿನ ಜಾಹೀರಾತೂ ಅವರ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಪಟ್ಟಿ ಅಂಟಿಕೊಳ್ಳಬಾರದೆಂದು ಪ್ರತಿ ಅಮಾವಾಸ್ಯೆಗೆ ಎಲ್ಲವನ್ನೂ ತುದಿಯಿಂದ ತುದಿಗೆ ಓಡಿಸಿ ಇಡುವರು. ಪ್ರತಿಯೊಂದರ ಬೆನ್ನಿಗೆ ದುಂಡಗೆ ಬರೆದ ಚೀಟಿ. ಇಷ್ಟು ನಿಷ್ಠೆಯಿಂದ ಒಂದು ಕೆಲಸ ಮಾಡಿದ ಗಂಡಸನ್ನು ನಾನು ಬೇರೆ ಕಂಡಿಲ್ಲ.

ಸಂಜೆ ಅವರು ಕ್ಯಾಸೆಟ್ಟು ಹಾಕಿದರೆ ನಾನು ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದೆ. ಹಿಂದಿ ನನಗೆ ಸಂತೆಯಲ್ಲಿ ಕಲಿತಷ್ಟು ಬರುತ್ತಿತ್ತು. ಉಳಿದದ್ದು ಮುಖ ನೋಡಿದರೆ ತಿಳಿಯುತ್ತಿತ್ತು. ಅಕ್ಕ ಒಳಗಿನಿಂದ, "ಏನ, ಮುಸುರಿ ಭಾಂಡಿ ಒಣಗಿ ಹೋದ್ವು, ನೀ ಇನ್ನೂ ಕಳ್ಳನ್ನ ಹಿಡೀಲಿಲ್ಲೇನ?" ಎಂದು ಚುಚ್ಚುವರು. ಕೊನೆ ಬರುವ ಮೊದಲು ಮಾಸ್ತರು ಚಿತ್ರ ನಿಲ್ಲಿಸಿ ನನ್ನ ಕಡೆ ತಿರುಗುವರು.

"ಹೇಳ ತಂಗಿ, ಯಾರು?"

"ಕೆಲಸದಾಕಿ ಅಂತೂ ಅಲ್ರಿ ಸರ್."

"ಹ್ಯಾಂಗ ಹೇಳ್ತಿ?"

"ಎಲ್ಲಾರೂ ಮೊದಲ ಆಕಿನ್ನ ಹಿಡದಾರಲ್ರಿ. ಎಲ್ಲಾರೂ ಹಿಡದಾಕಿ ಹೆಂಗ ಕಳ್ಳಿ ಇರ್ತಾಳ?"

ಅವರು ತಲೆ ಅಲ್ಲಾಡಿಸಿ ಮುಂದೆ ಬಿಡುವರು. ನಾನು ಹೇಳಿದ್ದು ಎಷ್ಟೋ ಸಲ ಸರಿ ಇರುತ್ತಿತ್ತು.

ಒಂದು ಧಾರಾವಾಹಿ ಅವರಿಗೆ ಜೀವ. ಮೂವತ್ತೊಂಬತ್ತು ಕಂತು. ಇಪ್ಪತ್ಮೂರನೆಯದು ಬಂದ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಆ ಒಂದು ಕಂತಿಗಾಗಿ ಮೂರು ವರ್ಷ ಇಂಡಿ, ಬಾಗೇವಾಡಿ ಎಂದು ಕೇಳುತ್ತ ತಿರುಗಿದರು. ಕಡೆಗೆ ಸಿಂದಗಿಯಲ್ಲಿ ಮದುವೆಯ ವೀಡಿಯೊ ತೆಗೆಯುವವನ ಹತ್ತಿರ ಇದೆ ಎಂದು ಗೊತ್ತಾಯಿತು. ಒಂದರಿಂದ ಇನ್ನೊಂದಕ್ಕೆ ಇಳಿಸಲು ಎರಡು ಯಂತ್ರ ಬೇಕು, ಅವನ ಬಳಿ ಇದ್ದದ್ದು ಒಂದೇ. ಮಾಸ್ತರು, ಹಳೆಯದು ಕೆಟ್ಟ ಮೇಲೆ ಹೋದ ವರ್ಷ ಕೊಂಡಿದ್ದ ತಮ್ಮ ಯಂತ್ರವನ್ನು ಕೌದಿಯಲ್ಲಿ ಸುತ್ತಿದರು. ಅವರ ಹೆಗಲು ನೋಯುತ್ತಿತ್ತೆಂದು ನಾನು ಜೊತೆಗೆ ಹೋದೆ. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ.

ಕಂಡಕ್ಟರ್ ಕೌದಿ ನೋಡಿ, "ಕೂಸಿಗೆ ಎಷ್ಟ ವರ್ಷ ಬೇ?" ಎಂದ.

ಮಾಸ್ತರು ನಗದೆ ಹೇಳಿದರು: "ಇನ್ನೂ ಎರಡು ತುಂಬಿಲ್ರಿ. ಗ್ಯಾರಂಟಿ ಮುಗದಿಲ್ಲ."

ಸಿಂದಗಿಯಲ್ಲಿ ಎರಡೂ ಯಂತ್ರಕ್ಕೆ ವೈರು ಜೋಡಿಸಿದ ಮೇಲೆ ಮಾಸ್ತರು ಟೀವಿಗೆ ಬೆನ್ನು ಮಾಡಿ, ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತರು. ಮನೆಗೆ ಹೋಗಿ ಒಂದನೆಯ ಕಂತಿನಿಂದ ಸಾಲಾಗಿ ನೋಡುತ್ತ ಬಂದು, ಇದನ್ನು ಇದರ ಸರದಿಯಲ್ಲೇ ನೋಡಬೇಕೆಂಬುದು ಅವರ ಹಟ. "ನೀ ನೋಡು. ಚಿತ್ರ ಕುಣದ್ರ ಹೇಳು. ಕತಿ ಮಾತ್ರ ಹೇಳಬ್ಯಾಡ," ಎಂದರು. ನಾನೊಬ್ಬಳೇ ನೋಡಿದೆ. ಮುಗಿದ ಮೇಲೆ ಆ ವೀಡಿಯೊದವ, "ನಿಮ್ಮ ಕೆಲಸ ಆತಲ್ರಿ? ನಾಳೆ ಇದರ ಮ್ಯಾಲೆ ಒಂದು ಮದಿವಿ ಹಾಕಿಬಿಡ್ತೇನಿ," ಎಂದ. ಹಾಕಿಯೂ ಬಿಟ್ಟ.

ಆ ವಾರವೇ ಅಕ್ಕ ತಮ್ಮ ಹೊಳೆಯ ಸ್ನಾನಕ್ಕೆಂದು ಎರಡು ದಿನ ತಂಗಡಗಿಗೆ ಹೋದರು. ಮನೆ ನನ್ನ ಕೈಗೆ ಬಿಟ್ಟಿದ್ದರು. ಕ್ಯಾಸೆಟ್ಟಿನ ಕಪಾಟು ಬಚ್ಚಲ ಗೋಡೆಗೆ ಹತ್ತಿಕೊಂಡಿತ್ತು. ತೆರೆದರೆ ಮುಗ್ಗಲು ವಾಸನೆ, ಡಬ್ಬಿಗಳ ಮೇಲೆ ಬಿಳಿ ಬೂಷ್ಟು. ಮಿರಗದ ಮಳೆ ಬರುವ ಮೊದಲು ನಮ್ಮಲ್ಲಿ ಏನನ್ನು ಬಿಸಿಲಿಗೆ ಹಾಕುವುದಿಲ್ಲ? ಮೆಣಸಿನಕಾಯಿ, ಸಂಡಿಗೆ, ಕಾಳು, ಹಾಸಿಗೆ... ನಾನೂ ಮಾಳಿಗೆಯ ಮೇಲೆ ಧೋತರ ಹಾಸಿ ಎಲ್ಲ ಕ್ಯಾಸೆಟ್ಟು ಹರವಿದೆ. ಹಪ್ಪಳ ಮಗುಚಿದಂತೆ ಮಧ್ಯಾಹ್ನ ಒಮ್ಮೆ ಮಗುಚಿಯೂ ಹಾಕಿದೆ. ಸಂಜೆ ಎತ್ತಲು ಹೋದರೆ ಎಲ್ಲ ಸೊಟ್ಟಗೆ ಬಾಗಿದ್ದವು.

ಓಡಿ ಹೋಗಬಹುದಿತ್ತು. ಹೋಗಲಿಲ್ಲ. ಅವರು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಸರ್, ಕ್ಯಾಸೆಟ್ಟು ಬಿಸಿಲಿಗೆ ಹಾಕಿದ್ನಿ. ಕೆಟ್ಟಾವ. ಸಿಂದಗೀದೂ ಕೆಟ್ಟೈತಿ."

ಅಕ್ಕ ನನಗೂ ತಿಳಿಯಲೆಂದು ಕನ್ನಡದಲ್ಲೇ ಕೂಗಾಡಿದರು. "ಈಕಿನ್ನ ಮೊದಲ ಹೊರಗ ಹಾಕು! ಮೂರು ವರ್ಷ ಹುಚ್ಚನಂಗ ತಿರಗಿ ತಂದಿ!"

ಮಾಸ್ತರು ನೆಲದ ಮೇಲೆ ಕುಳಿತು ಸ್ಕ್ರೂಡ್ರೈವರಿನಿಂದ ಒಂದೊಂದನ್ನೇ ಬಿಚ್ಚತೊಡಗಿದರು. ಒಳಗಿನ ಸುರುಳಿ ಚೆನ್ನಾಗಿದ್ದರೆ ಬೇರೆ ಡಬ್ಬಿಗೆ ಕೂಡಿಸಿದರು. ಹೀಗೆ ಹನ್ನೆರಡು ದಿನ. ಎಷ್ಟೋ ಉಳಿದವು, ಎಷ್ಟೋ ಹೋದವು. ಆ ಧಾರಾವಾಹಿಯ ಮೂವತ್ತೆಂಟು ಕಂತು ಉಳಿದವು. ಇಪ್ಪತ್ಮೂರನೆಯದು ಬೆಲ್ಲದಂತೆ ಅಂಟಿಕೊಂಡಿತ್ತು. ಅದನ್ನು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು.

"ತಂಗಿ, ನೀ ನೋಡೀದಿ ಅಲ್ಲಾ?"

"ನೋಡೇನ್ರಿ."

"ನೆನಪದ ಏನು?"

"ಎಲ್ಲಾ ಐತ್ರಿ."

"ಹಂಗಾರ ಈಗ ಹೇಳಬ್ಯಾಡ. ಸರದಿ ಬರಲಿ."

ಇಪ್ಪತ್ತೆರಡು ಸಂಜೆ ಇಪ್ಪತ್ತೆರಡು ಕಂತು ನೋಡಿದೆವು. ಮರುಸಂಜೆ ಅವರು ಟೀವಿ ಹಚ್ಚಲಿಲ್ಲ. ತಮ್ಮ ಬೆತ್ತದ ಕುರ್ಚಿಯನ್ನು ಎಳೆದು ಟೀವಿಯ ಮುಂದೆ, ತಮಗೆ ಎದುರಾಗಿ ಹಾಕಿದರು.

"ಕೂಡು."

"ನಾ ಇಲ್ಲೇ ಹೊಸ್ತಿಲದಾಗ ಕುಂತು ಹೇಳ್ತೇನ್ರಿ."

"ಟೀವಿ ಹೊಸ್ತಿಲದಾಗ ಇರ್ತದೇನು? ಇವತ್ತ ಟೀವಿ ನೀನ. ಇಲ್ಲಿ ಕೂಡು."

ಅಡುಗೆಮನೆಯಿಂದ ಅಕ್ಕ, ನನಗೆ ಕೇಳಲೆಂದೇ ಕನ್ನಡದಲ್ಲಿ, "ಆ ಕುರ್ಚಿ ಮ್ಯಾಲೆ ನಾಳೆ ನೀ ಹ್ಯಾಂಗ ಕೂಡ್ತೀಯೋ?" ಎಂದರು.

"ದಿನಾ ಹ್ಯಾಂಗ ಕೂಡ್ತೇನಿ, ಹಂಗ," ಎಂದರು ಮಾಸ್ತರು.

ಕುಳಿತೆ. ಆ ಮನೆಯಲ್ಲಿ ಒಂಬತ್ತು ವರ್ಷ ಗುಡಿಸಿದವಳು ಮೊದಲ ಸಲ ಕುರ್ಚಿಯ ಮೇಲೆ ಕುಳಿತೆ. ದೊಡ್ಡ ಬಂಗಲೆ, ಕಳೆದುಹೋದ ಹಾರ, ಸುಮ್ಮನೆ ಸಿಕ್ಕಿಬಿದ್ದ ಕೆಲಸದವಳು, ಯಾರ್ಯಾರು ಎಲ್ಲೆಲ್ಲಿ ನಿಂತಿದ್ದರು, ಯಾರು ಯಾವ ಬಾಗಿಲಿನಿಂದ ಬಂದರು, ಗೋಡೆಯ ಗಡಿಯಾರ ಎಷ್ಟೊತ್ತಿಗೆ ನಿಂತಿತ್ತು... ಎಲ್ಲ ಹೇಳಿದೆ. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ನಾನು ಮಾತಾಡುವಾಗ ಅಷ್ಟು ಹೊತ್ತು ಸುಮ್ಮನೆ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನನ್ನ ಗಂಡನಂತೂ ಅಲ್ಲ. ಕೊನೆ ಬರುವ ಮೊದಲು ನಿಲ್ಲಿಸಿದೆ.

"ಹೇಳ್ರಿ ಸರ್, ಯಾರು?"

"ಡಾಕ್ಟರ?"

"ಅಲ್ರಿ."

"ಮಾಲಕನ ತಮ್ಮ?"

"ಅಲ್ರಿ."

ಅವರು ಹಣೆ ತಿಕ್ಕಿಕೊಂಡರು. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು: "ಗಡಿಯಾರಕ್ಕ ಕೀಲಿ ಕೊಡಾಂವ ಇರಬೇಕು!"

"ಖರೇ ಐತ್ರಿ ಬಾಯಾರ," ಎಂದೆ.

ಮಾಸ್ತರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಎದ್ದು ಒಂದು ಖಾಲಿ ಡಬ್ಬಿಗೆ ಇಪ್ಪತ್ಮೂರು ಎಂದು ಚೀಟಿ ಅಂಟಿಸಿ, ಕೆಳಗೆ ನನ್ನ ಹೆಸರು ಬರೆದು, ಸಾಲಿನಲ್ಲಿ ಅದರ ಜಾಗದಲ್ಲಿ ಇಟ್ಟರು. ಮುಂದೆಯೂ ಹೊಸ ಕ್ಯಾಸೆಟ್ಟುಗಳು ಬಂದವು. ಕುರ್ಚಿ ಎರಡಾದವು. ಅಕ್ಕ ಪಾತ್ರೆಗೆ ನೀರು ಚಿಮುಕಿಸುವುದನ್ನು ಮಾತ್ರ ಬಿಡಲಿಲ್ಲ.

ಆರು ವರ್ಷದ ಮೇಲೆ ಮಾಸ್ತರು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಕ್ಕನನ್ನು ಸಂಬಂಧಿಕರು ಕರೆದುಕೊಂಡು ಹೋದರು. ಕ್ಯಾಸೆಟ್ಟುಗಳು ಗುಜರಿಗೆ ಹೋದವಂತೆ. ಈಗ ಮಗಳ ಮನೆಯಲ್ಲಿ ಮೊಬೈಲ್ ತಿಕ್ಕಿದರೆ ಬೇಕಾದಷ್ಟು ಪತ್ತೇದಾರಿ ಕತೆ ಬರುತ್ತವೆ, ಎಲ್ಲರೂ ತಮ್ಮ ಪಾಡಿಗೆ ನೋಡುತ್ತಾರೆ. ಯಾರು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಅಂಥವರು ನನಗೆ ಇನ್ನೊಬ್ಬರು ಸಿಗಲಿಲ್ಲ, ಸಿಗುವುದೂ ಇಲ್ಲ.

ಆಗ, ಮಾಸ್ತರನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ ನಾನು ಒಬ್ಬ ವಕೀಲರ ಮನೆಗೆ ಕೆಲಸ ಕೇಳಲು ಹೋದೆ. ಎಷ್ಟೊತ್ತಿಗೆ ಬರುತ್ತಿ, ಬಟ್ಟೆ ಒಗೆಯುತ್ತೀಯೋ ಇಲ್ಲವೋ ಎಂದು ವಕೀಲರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿದೆ. ಆಮೇಲೆ ನನ್ನದೊಂದು ಮಾತು ಹೇಳಿದೆ.

"ಟೀವಿಯೊಳಗ ಪತ್ತೇದಾರಿ ಬಂತಂದ್ರ ನಾ ಕುರ್ಚಿ ಮ್ಯಾಲೆ ಕುಂತು ನೋಡಾಕೀನ್ರಿ. ನಡೀತೈತಿ ಅಂದ್ರ ಕಸಬರಿಗಿ ಎಲ್ಲೈತಿ ತೋರಸ್ರಿ."