ಮೂವತ್ತೊಂದು ನಾಯಕರಿಗೆ ಒಂದೇ ಜೊತೆ ಕೈ

ತಿಯೆನ್ ಬಾವ್‌ಷೆಂಗ್ ಅವರ ಮುಖವನ್ನು ಟಿವಿಯಲ್ಲಿ ಯಾರೂ ನೋಡಿಲ್ಲ. ಅವರ ಕೈಗಳನ್ನು ನೋಡದವರು ಕಡಿಮೆ. ಪ್ರೇಮ ಧಾರಾವಾಹಿಯ ನಾಯಕ ಸಾಮಾನ್ಯವಾಗಿ ದೊಡ್ಡ ಕಂಪನಿಯೊಂದರ ಒಡೆಯ, ಯಾರಿಗೂ ಹಲ್ಲು ತೋರಿಸಿ ನಕ್ಕವನಲ್ಲ. ಹತ್ತನೇ ಕಂತು ದಾಟುವ ಹೊತ್ತಿಗೆ ಅವನು ಸ್ವೆಟರಿನ ತೋಳು ಮಡಚಿಕೊಂಡು ಅಡುಗೆಮನೆಗೆ ಇಳಿಯುತ್ತಾನೆ. ಆಗ ಈರುಳ್ಳಿ ಸೊಪ್ಪನ್ನು ಸಣ್ಣಗೆ ಹೆಚ್ಚುವ, ಒಂದೇ ಕೈಯಲ್ಲಿ ಮೊಟ್ಟೆ ಒಡೆಯುವ, ಆಮೇಲೆ ಬಗ್ಗಿ ನಾಯಕಿಯ ಶೂ ಲೇಸು ಕಟ್ಟುವ ಕೈಗಳು ಎಷ್ಟೋ ಸಲ ಐವತ್ತೇಳು ವರ್ಷದ ತಿಯೆನ್ ಅವರವು.

ಅವರು ಹುಟ್ಟಿದ್ದು ಉತ್ತರದ ಪ್ರಾಂತ್ಯವಾದ ಶಾನ್‌ಶಿಯಲ್ಲಿ, ನೂಡಲ್ಸ್ ಮಾಡುವವರ ಮನೆಯಲ್ಲಿ. ಇಪ್ಪತ್ತೆರಡಕ್ಕೆ ಚಿಂಗ್‌ಡಾವ್‌ಗೆ ಬಂದು ಬಸ್ ಡಿಪೋದ ಹಿಂದೆ ಅಂಗಡಿ ಇಟ್ಟರು. ದಿನಕ್ಕೆ ಎರಡು ಮೂಟೆ ಹಿಟ್ಟು ನಾದಿದ ಕೈ ಒರಟಾಗಿರಬೇಕಿತ್ತು. ಆದರೆ ಹಿಟ್ಟು ಕೈಯನ್ನು ತಿಕ್ಕಿ ನುಣುಪು ಮಾಡುತ್ತದೆ. ಎಂಟು ವರ್ಷದ ಹಿಂದೆ ಚಿತ್ರೀಕರಣದ ತಂಡವೊಂದು ಅಲ್ಲಿ ಊಟಕ್ಕೆ ಬಂತು. ಅವರ ನಟನಿಗೆ ಲಟ್ಟಣಿಗೆ ಹಿಡಿಯಲು ಬರುತ್ತಿರಲಿಲ್ಲ. ಯಾರೋ ಅಂಗಡಿಯವನ ಬೆರಳು ನೋಡಿದರು. ಮರುದಿನ ತಿಯೆನ್ ನಾಯಕನ ಸ್ವೆಟರು ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತಿದ್ದರು. ಅಲ್ಲಿಂದ ಈಚೆಗೆ ಮೂವತ್ತು ನಾಯಕರು ಮುಗಿದಿದ್ದಾರೆ. ಈಗಿನವನು ಮೂವತ್ತೊಂದನೆಯವನು.

ಮನೆಯಲ್ಲಿ ಅವರು ಪಾತ್ರೆ ಮುಟ್ಟುವುದಿಲ್ಲ. ಬಿಸಿನೀರು, ಸೋಪು ಕೈಗೆ ಆಗುವುದಿಲ್ಲ ಎಂಬ ಕಾರಣ ಕೊಡುತ್ತಾರೆ. ಹೆಂಡತಿ ಗುಯಿಲಾನ್ ಅವರಿಗೆ ಈ ಕಾರಣ ಇನ್ನೂ ರುಚಿಸಿಲ್ಲ.

"ಏನ್ರೀ ಹೀರೋ, ಟಿವಿಯಲ್ಲಿ ಆ ಹುಡುಗಿಗೆ ಗಂಜಿ ಮಾಡಿ ಬಟ್ಟಲು ತೊಳೆದು ಒರೆಸಿ ಇಟ್ರಲ್ಲ, ಅದು ಯಾರ ಕೈ?"

"ಅದು ಡ್ಯೂಟಿ ಕಣೆ."

"ಹಾಗಾದ್ರೆ ಮನೇಲೂ ಒಂದು ಕ್ಯಾಮೆರಾ ಇಡಿಸ್ತೀನಿ, ಇರಿ."

ಈಚಿನ ಒಂದು ವರ್ಷದಲ್ಲಿ ಎಡಗೈಯ ಮೇಲ್ಭಾಗದಲ್ಲಿ ಮೂರು ಕಂದು ಚುಕ್ಕೆಗಳು ಮೂಡಿವೆ. ವಯಸ್ಸಿನ ಚುಕ್ಕೆಗಳು. ಮೇಕಪ್ ಹುಡುಗಿ ಅವನ್ನು ಮೇಣದಂಥ ಲೇಪದಿಂದ ಮುಚ್ಚುತ್ತಾಳೆ, ಬಣ್ಣ ಒಂದೇ ಆಗಲೆಂದು ಎರಡೂ ಕೈಗೆ ಬೆರಳ ತುದಿಯವರೆಗೂ ಅದನ್ನೇ ಹಚ್ಚುತ್ತಾಳೆ. ಕಳೆದ ಧಾರಾವಾಹಿಯ ಸಂಕಲನಕಾರ ಒಂದು ದೃಶ್ಯ ನೋಡಿ, "ಇದು ನಾಯಕನ ಕೈಯೋ, ಅವನ ಮಾವನ ಕೈಯೋ?" ಎಂದು ಕೇಳಿದ್ದನಂತೆ. ಈ ಊರಿನಲ್ಲಿ ಅಂಥ ಮಾತು ಒಂದು ತಂಡದಿಂದ ಇನ್ನೊಂದಕ್ಕೆ ನಡೆದು ಹೋಗುವುದಿಲ್ಲ, ಓಡುತ್ತದೆ. ಹಾಗಾಗಿ ಹೊಸ ಧಾರಾವಾಹಿಯ ಇಪ್ಪತ್ತನಾಲ್ಕು ಕಂತುಗಳಿಗೂ ತಿಯೆನ್ ಅವರನ್ನೇ ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ನಿರ್ದೇಶಕಿ ಷೆನ್ ಯುತಿಂಗ್ ಮೊದಲ ಅಡುಗೆ ದೃಶ್ಯಕ್ಕೆ ಬಿಟ್ಟಿದ್ದರು. ಹೋಟೆಲಿನ ಬಾಣಸಿಗನೊಬ್ಬ, ಇಪ್ಪತ್ತೆಂಟರವನು, ಸೆಟ್ಟಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವನನ್ನು ಏಕೆ ಕರೆಸಿದ್ದಾರೆಂದು ಯಾರೂ ಹೇಳಲಿಲ್ಲ, ತಿಯೆನ್ ಕೇಳಲೂ ಇಲ್ಲ.

ದೃಶ್ಯ ಇಷ್ಟು: ನಾಯಕಿ ಶಾನ್‌ಶಿಯ ಹುಡುಗಿ. ಅವಳ ಹುಟ್ಟುಹಬ್ಬವನ್ನು ಎಲ್ಲರೂ ಮರೆತಿದ್ದಾರೆ. ನಾಯಕ ಗುಟ್ಟಾಗಿ ಕಲಿತು ಅವಳಿಗೆ ದೀರ್ಘಾಯುಷ್ಯದ ನೂಡಲ್ಸ್, ಅಂದರೆ ಆಯಸ್ಸು ಉದ್ದವಾಗಲೆಂದು ಹುಟ್ಟುಹಬ್ಬಕ್ಕೆ ತಿನ್ನುವ ನೂಡಲ್ಸ್, ಮಾಡುತ್ತಾನೆ. ಚಿತ್ರೀಕರಣಕ್ಕೆ ಮೊದಲೇ ಚಿತ್ರಗಳಲ್ಲಿ ಬರೆದಿಟ್ಟ ದೃಶ್ಯಗಳ ಕ್ರಮದ ಪ್ರಕಾರ ಮೊದಲು ಚಾಕು ಬರಬೇಕು. ಹಾಳೆಯಂತೆ ಲಟ್ಟಿಸಿ ಮಡಚಿದ ಹಿಟ್ಟನ್ನು ಟಕ ಟಕ ಎಂದು ಕತ್ತರಿಸಬೇಕು.

ತಿಯೆನ್ ಚಾಕುವನ್ನು ಹಲಗೆಯ ಆಚೆಗೆ ಸರಿಸಿದರು.

"ಇದಕ್ಕೆ ಚಾಕು ತಾಗಿಸಲ್ಲ, ಡೈರೆಕ್ಟರಮ್ಮ."

"ಯಾಕೆ ಮೇಸ್ತ್ರಿ? ಸದ್ದು ಎಷ್ಟು ಚೆನ್ನಾಗಿರುತ್ತೆ."

"ಹುಟ್ಟಿದ ದಿನ ಆಯಸ್ಸು ಕತ್ತರಿಸಿ ಬಟ್ಟಲಿಗೆ ಹಾಕಿದ್ರೆ ನಮ್ಮ ಕಡೆ ಹುಡುಗಿ ಮದುವೆ ಆಗೋದಿರಲಿ, ಬಾಗಿಲೇ ತೆಗೆಯಲ್ಲ. ಒಂದು ಬಟ್ಟಲಿಗೆ ಒಂದೇ ಎಳೆ. ಮೊದಲಿಂದ ಕೊನೆವರೆಗೆ ಒಂದೇ."

ಷೆನ್ ದಕ್ಷಿಣದವರು. ಅವರ ಮನೆಯಲ್ಲಿ ಹುಟ್ಟುಹಬ್ಬದ ನೂಡಲ್ಸ್ ಅಂಗಡಿಯ ಪೊಟ್ಟಣದಿಂದ ಬರುತ್ತಿತ್ತು. ಆದರೂ ಲೆಕ್ಕ ಅವರಿಗೆ ಬೇಗ ತಿಳಿಯಿತು. ಎಳೆ ಕತ್ತರಿಸಿದರೆ, ಕಂತು ಪ್ರಸಾರವಾದ ಐದನೇ ನಿಮಿಷಕ್ಕೆ, ನೋಡುಗರು ಫೋನಿನಲ್ಲಿ ಬರೆದದ್ದು ದೃಶ್ಯದ ಮೇಲೇ ಮೂಡುವ ಪರದೆಯಲ್ಲಿ ಶಾನ್‌ಶಿಯವರ ಟೀಕೆಗಳು ಸಾಲುಗಟ್ಟಿ ಹರಿಯುತ್ತವೆ. ನಾಯಕನ ಮುಖ ಅವುಗಳ ಹಿಂದೆ ಮುಳುಗಿಹೋಗುತ್ತದೆ.

"ಛೆಂಗ್‌ಯು ನಾಲ್ಕಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು," ಎಂದರು. ಯೆ ಛೆಂಗ್‌ಯು ನಾಯಕ ನಟ. "ಒಂದೇ ಎಳೆ ಅಂದ್ರೆ ಎಷ್ಟು ಉದ್ದ?"

"ಏಳು ಮಾರು. ಬೆಳಿಗ್ಗೆನೇ ನಾದಿ, ಎಣ್ಣೆ ಸವರಿ, ಸುರುಳಿ ಸುತ್ತಿ ಇಟ್ಟಿದೀನಿ. ಎರಡು ಬೋಗುಣಿ."

"ಅಂದ್ರೆ ನಾನು ಒಪ್ತೀನಿ ಅಂತ ಬೆಳಿಗ್ಗೆನೇ ಗೊತ್ತಿತ್ತು."

"ನೀವು ಬುದ್ಧಿವಂತರು ಅಂತ ಗೊತ್ತಿತ್ತು."

ನೀರು ಕುದಿಯಿತು. ತಿಯೆನ್ ಮೊದಲ ಬೋಗುಣಿಯ ಸುರುಳಿಯ ತುದಿ ಹಿಡಿದು ಎಳೆಯತೊಡಗಿದರು. ಎರಡು ಮಾರು ಸರಾಗವಾಗಿ ಪಾತ್ರೆಗೆ ಇಳಿಯಿತು. ಮೂರನೇ ಮಾರಿಗೆ ಎಳೆ ಬೆರಳ ಸಂದಿನಲ್ಲಿ ಜಾರಿ, ಒಂದು ಕಡೆ ಕೂದಲಿನಷ್ಟು ತೆಳುವಾಗಿ ಕಡಿದುಹೋಯಿತು.

ಮೂಲೆಯ ಬಾಣಸಿಗ ಎದ್ದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ತೋಳು ಮಡಚಿಕೊಂಡ.

ತಿಯೆನ್ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿದರು. ಮೇಕಪ್ಪಿನ ಮೇಣ. ಎಳೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದನ್ನು ಹೇಳುವುದು ಕಣ್ಣಲ್ಲ, ಬೆರಳ ಚರ್ಮ. ಆ ಚರ್ಮವೇ ಲೇಪದ ಕೆಳಗಿತ್ತು. ಅವರು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ, ಮಣಿಕಟ್ಟಿನವರೆಗೆ ತಿಕ್ಕಿ ತೊಳೆದರು.

"ಅಯ್ಯೋ ಮೇಸ್ತ್ರಿ, ಮುಕ್ಕಾಲು ಗಂಟೆ ಕೂತು ಹಚ್ಚಿದ್ದೆ!" ಎಂದು ಮೇಕಪ್ ಹುಡುಗಿ ಓಡಿ ಬಂದಳು.

ಅವರು ಕೈ ಒರೆಸಿಕೊಂಡು ದೀಪದ ಕೆಳಗೆ ಹಿಡಿದರು. ಮೂರು ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಮಾನಿಟರಿನಲ್ಲಿ ಇನ್ನೂ ದೊಡ್ಡದಾಗಿ ಕಂಡವು. ಷೆನ್ ಅದನ್ನೇ ನೋಡುತ್ತಿದ್ದರು.

"ನಾಯಕನಿಗೆ ಇಪ್ಪತ್ತೇಳು ವರ್ಷ, ಮೇಸ್ತ್ರಿ."

"ನನಗೆ ಐವತ್ತೇಳು. ಮುಚ್ಚಿಡೋಕೆ ಇನ್ನೇನಿಲ್ಲ, ನೋಡಿಬಿಟ್ರಲ್ಲ. ಎಳೆ ಕಡಿಯದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಯಾವುದನ್ನ ತೋರಿಸಬೇಕು ಅನ್ನೋದು ನಿಮ್ಮ ಕೆಲಸ. ಇನ್ನೊಂದು ಬೋಗುಣಿ ಇದೆ. ಅದೂ ಕಡಿದ್ರೆ ಈ ಸ್ವೆಟರು ಆ ಹುಡುಗನಿಗೆ ಬಿಚ್ಚಿ ಕೊಟ್ಟು ಹೋಗ್ತೀನಿ."

ಷೆನ್ ಗಡಿಯಾರ ನೋಡಿದರು. ಮೂರು ಗಂಟೆಗೆ ಐದು ನಿಮಿಷ ಇತ್ತು. ಎದ್ದು ಒಲೆಯ ಆಚೆ ಬದಿಗೆ ಹೋಗಿ ಬಗ್ಗಿದರು. ಅಲ್ಲಿಂದ ಕೈಯ ಮೇಲ್ಭಾಗ ಕಾಣುತ್ತಿರಲಿಲ್ಲ. ಅಂಗೈ, ಬೆರಳ ತುದಿ, ನಡುವೆ ಏಳುವ ಹಬೆ ಮಾತ್ರ ಕಾಣುತ್ತಿದ್ದವು. "ಕ್ಯಾಮೆರಾ ಈ ಕಡೆ ತನ್ನಿ," ಎಂದರು. ದೀಪಗಳನ್ನು ಸರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಿಯೆನ್ ಒದ್ದೆ ಬಟ್ಟೆಯಲ್ಲಿ ಕೈ ಸುತ್ತಿಕೊಂಡು ನಿಂತಿದ್ದರು.

ಎರಡನೇ ಎಳೆ ನಿಧಾನವಾಗಿ ಹೊರಟಿತು. ಮೂರನೇ ಮಾರು ದಾಟಿತು. ಐದನೆಯದಕ್ಕೆ ಒಂದು ಕಡೆ ತೆಳುವಾಯಿತು. ಅವರ ಬೆರಳು ಅಲ್ಲಿ ಕ್ಷಣ ಹೊತ್ತು ನಿಂತು, ಎಳೆಯುವುದನ್ನು ಬಿಟ್ಟು, ಹಿಂದಿನ ದಪ್ಪ ಭಾಗವನ್ನು ಮುಂದಕ್ಕೆ ಸವರಿತು. ಆಮೇಲೆ ಎಳೆ ಮತ್ತೆ ಹೊರಟಿತು. ಕೊನೆಯ ತುದಿ ಬೋಗುಣಿಯಿಂದ ಎದ್ದು ನೀರಿಗೆ ಇಳಿದಾಗ ಷೆನ್ "ಕಟ್" ಹೇಳುವುದನ್ನು ಮರೆತಿದ್ದರು. ಧ್ವನಿ ಹಿಡಿಯುವವನು ಹೇಳಿದ.

ಬಟ್ಟಲು ತುಂಬಿದ ಮೇಲೆ ಛೆಂಗ್‌ಯು ಅದನ್ನು ಮೇಜಿಗೆ ಒಯ್ಯುವ ದೃಶ್ಯ ತೆಗೆದರು. ದೃಶ್ಯ ಮುಗಿದರೂ ಅವನು ಬಟ್ಟಲು ಕೆಳಗಿಡಲಿಲ್ಲ.

"ಮೇಸ್ತ್ರಿ, ತಿನ್ನಲಾ?"

"ತಿನ್ನು ತಮ್ಮ. ಆದ್ರೆ ಕಚ್ಚಬಾರದು. ಒಂದೇ ಉಸಿರು."

ಮೈ ಇಳಿಸಲು ಮೂರು ವಾರದಿಂದ ಬೇಯಿಸಿದ ಕೋಳಿಮಾಂಸ ಬಿಟ್ಟು ಬೇರೇನೂ ತಿನ್ನದ ನಟ ಎಳೆಯನ್ನು ಸೊರ್ರೆಂದು ಎಳೆದುಕೊಳ್ಳತೊಡಗಿದ. ನಾಲ್ಕನೇ ಮಾರಿಗೆ ಕಣ್ಣಲ್ಲಿ ನೀರು ಬಂತು, ಕೆನ್ನೆ ಊದಿಕೊಂಡಿತು. ಬಿಡಲಿಲ್ಲ. ಮೇಕಪ್ ಹುಡುಗಿ ನಗು ತಡೆಯಲಾರದೆ ನೆಲಕ್ಕೆ ಕುಳಿತಳು.

ಷೆನ್ ಮೂಲೆಯ ಬಾಣಸಿಗನ ಬಳಿ ಹೋಗಿ, ಬಂದದ್ದಕ್ಕೆ ಧನ್ಯವಾದ ಹೇಳಿ ಕಳಿಸಿಕೊಟ್ಟರು. ಆಮೇಲೆ ಸಹಾಯಕಿಯನ್ನು ಕರೆದು, "ಇಪ್ಪತ್ತನಾಲ್ಕೂ ಕಂತಿಗೆ ಮೇಸ್ತ್ರಿ ಹೆಸರೇ ಬರಿ. ಇನ್ನು ಮೇಲೆ ನಾಯಕನ ಕೈ ಅಂಗೈ ಕಡೆಯಿಂದಲೇ," ಎಂದರು.

"ನಾಳೆ ಬೆಳಿಗ್ಗೆ ಏಳಕ್ಕೆ," ಎಂದು ತಿಯೆನ್ ಕಡೆ ತಿರುಗಿದರು. "ನಾಯಕಿಯ ಕೋಟಿಗೆ ನಾಯಕ ಗುಂಡಿ ಹೊಲಿಯೋದು. ಅಂಗೈ ಕ್ಯಾಮೆರಾಗೆ ತೋರಿಸ್ಕೊಂಡು. ಆಗುತ್ತಾ?"

"ಅಂಗೈ ತೋರಿಸ್ಕೊಂಡು ಗುಂಡಿ ಹೊಲಿಯೋದು ಈ ಊರಲ್ಲಿ ಯಾರಿಗೂ ಬರಲ್ಲ," ಎಂದರು ತಿಯೆನ್, ಸ್ವೆಟರು ಬಿಚ್ಚುತ್ತ. "ಏಳರೊಳಗೆ ಕಲ್ತ್ಕೊಂಡು ಬರ್ತೀನಿ."